ಯಾರು ದೊಡ್ಡ ಮಲ್ಲ?

ಚಿಕ್ಕವನಿದ್ದಾಗ ನಾನು ನಮ್ಮಜ್ಜಿಯನ್ನು ಒಂದು ಪ್ರಶ್ನೆ ಕೇಳಿ ಬೈಸಿಕೊಂಡಿದ್ದೆ. ತ್ರೇತಾಯುಗದ ವಾಲಿಗೂ ದ್ವಾಪರಯುಗದ ಭೀಮನಿಗೂ ಕುಸ್ತಿ ನಡೆದಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದೇ ಆ ಪ್ರಶ್ನೆ. “ಅವರ ಕಾಲ ಅವರದು, ಇವರ ಕಾಲ ಇವರದು. ಸುಮ್ಮನೆ ಮುದ್ದೆ ನುಂಗು” ಎಂದು ಅಜ್ಜಿ ನನ್ನ ಬಾಯಿ ಮುಚ್ಚಿಸಿದ್ದರು. ಮುದ್ದೆಯನ್ನೇನೋ ನುಂಗಿದೆ; ಪ್ರಶ್ನೆ ಮಾತ್ರ ಗಂಟಲಿನಲ್ಲೇ ಉಳಿಯಿತು.

ಈಗ ನಾನು ಬಿ.ಎ. ತರಗತಿಯ ಕೊನೆಯ ವರ್ಷದಲ್ಲಿದ್ದೇನೆ. ಅದೇ ಪ್ರಶ್ನೆ ಬೇರೊಂದು ವೇಷ ತೊಟ್ಟು ಮತ್ತೆ ನನ್ನೆದುರು ನಿಂತಿದೆ. ಹಲಸೂರಿನಲ್ಲಿ ನಮ್ಮ ಬೀದಿಯ ತಿರುವಿನ ಹೊಂಗೆಮರದ ಕೆಳಗೆ ನಮ್ಮ ತಂದೆಯವರ ಇಸ್ತ್ರಿ ಗಾಡಿ ಇದೆ. ಇಂದಿರಾನಗರದ ಮನೆಗಳಿಂದ ಬಂದ ಅಂಗಿಗಳು ಅಲ್ಲಿ ಇದ್ದಿಲಿನ ಪೆಟ್ಟಿಗೆಯ ಕೆಳಗೆ ಒಂದೊಂದಾಗಿ ನೆಟ್ಟಗಾಗುತ್ತವೆ. ಸಂಜೆಯ ಹೊತ್ತಿಗೆ ಗಾಡಿಯ ಸುತ್ತ ನಾಲ್ಕಾರು ಜನ ಸೇರುತ್ತಾರೆ. ಬೇರೆ ಬೀದಿಗಳಲ್ಲಿ ಇಂಥ ಕೂಟಗಳು ರಾಜಕೀಯವನ್ನೋ ಕ್ರಿಕೆಟ್ಟನ್ನೋ ಚರ್ಚಿಸುತ್ತವೆ. ನಮ್ಮಲ್ಲಿ ನಡೆಯುವುದು ಬಾಕ್ಸಿಂಗ್ ಚರ್ಚೆ. ಪ್ರಪಂಚದ ಹೆವಿವೇಟ್ ಮುಷ್ಟಿಮಲ್ಲರಲ್ಲೆಲ್ಲ ಯಾರು ದೊಡ್ಡವನು? ಈ ಒಂದು ಪ್ರಶ್ನೆಯಿಂದ ಎಷ್ಟು ಸಂಜೆಗಳು ಕಳೆದಿವೆಯೋ, ಎಷ್ಟು ಲೋಟ ಚಹಾ ಆರಿಹೋಗಿದೆಯೋ ಲೆಕ್ಕವಿಟ್ಟವರಿಲ್ಲ.

ಹಲಸೂರಿನಲ್ಲಿ ಬಾಕ್ಸಿಂಗ್ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರವಿರುವುದು ನಮ್ಮ ಹಲಸೂರು ಕೆರೆಯ ಮಗ್ಗುಲಲ್ಲೇ. ಆ ಪಡೆಯ ಯೋಧರನ್ನು ‘ತಂಬಿ’ಗಳೆಂದು ಕರೆಯುವುದುಂಟು. ಅಲ್ಲಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಕೂಟದ ಅಧ್ಯಕ್ಷರು. ನಾನು ಅವರನ್ನು ಹವಾಲ್ದಾರ್ ತಾತ ಎಂದು ಕರೆಯುತ್ತೇನೆ. ಯೌವನದಲ್ಲಿ ಸೈನ್ಯದ ಪಂದ್ಯಗಳಲ್ಲಿ ಗ್ಲೌಸು ತೊಟ್ಟು ಕಾದಿದವರು. ಸೊಟ್ಟಗಾದ ಅವರ ಮೂಗೇ ಅದಕ್ಕೆ ಸಾಕ್ಷಿ. ಅವರ ಮಟ್ಟಿಗೆ ರಾಕಿ ಮಾರ್ಸಿಯಾನೋ ಒಬ್ಬನೇ ಮಲ್ಲ, ಉಳಿದವರೆಲ್ಲ ಶಿಷ್ಯರು. “ನಲವತ್ತೊಂಬತ್ತು ಕುಸ್ತಿ, ನಲವತ್ತೊಂಬತ್ತು ಗೆಲುವು. ಇನ್ನೇನಪ್ಪಾ ಬೇಕು ನಿನಗೆ?” ಎನ್ನುತ್ತಾರೆ. ಹೂವಿನ ಅಂಗಡಿಯವರು ಮಹಮ್ಮದ್ ಅಲಿಯ ಕಡೆ. 1980ರಲ್ಲಿ ಅಲಿ ಮದರಾಸಿಗೆ ಬಂದು ಪ್ರದರ್ಶನ ಪಂದ್ಯ ಆಡಿದಾಗ ಅವರ ತಂದೆ ರೈಲು ಹತ್ತಿ ಹೋಗಿ ನೋಡಿ ಬಂದಿದ್ದರಂತೆ. ಆ ಭಕ್ತಿ ಈಗ ಎರಡನೆಯ ತಲೆಮಾರಿಗೆ ಇಳಿದಿದೆ. ನನ್ನ ವಯಸ್ಸಿನ ಹುಡುಗರಿಗೆ ಮೈಕ್ ಟೈಸನ್ನೇ ದೇವರು. ಅವನು 1986ರಲ್ಲಿ ಜಗಜ್ಜಟ್ಟಿಯಾದಾಗ ಅವನಿಗೆ 20 ವರ್ಷ 4 ತಿಂಗಳು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪಟ್ಟವೇರಿದವರು ಇನ್ನೊಬ್ಬರಿಲ್ಲ. ಅದೇ ವಯಸ್ಸಿನ ನಾನು ಇನ್ನೂ ಐಚ್ಛಿಕ ಅರ್ಥಶಾಸ್ತ್ರದ ಟಿಪ್ಪಣಿ ಬರೆದುಕೊಳ್ಳುತ್ತಿದ್ದೇನೆಂಬುದನ್ನು ನೆನೆದರೆ ಸ್ವಲ್ಪ ನಾಚಿಕೆಯೇ ಆಗುತ್ತದೆ.

ಮುಷ್ಟಿಯುದ್ಧ ನಮ್ಮ ನಾಡಿಗೆ ಪರಕೀಯವೆಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರು ದಸರೆಯಲ್ಲಿ ವಿಜಯದಶಮಿಯ ದಿನ, ಜಂಬೂಸವಾರಿಗೆ ಮುಂಚೆ, ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಬೋಳಿಸಿದ ತಲೆ, ಕೈಯಲ್ಲಿ ವಜ್ರಮುಷ್ಟಿ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಇನ್ನು ನಮ್ಮ ದಂಡಿನ ಪ್ರದೇಶದ ಕಥೆಯೇ ಬೇರೆ. ಕಳೆದ ಶತಮಾನದ ನಡುಗಾಲದ ಹಿಂದುಮುಂದಿನಲ್ಲಿ ‘ಗನ್‌ಬೋಟ್ ಜ್ಯಾಕ್’ ಎಂಬ ಹೆಸರಿನ ಅಮೆರಿಕದ ಕಪ್ಪು ಮುಷ್ಟಿಮಲ್ಲನೊಬ್ಬ ಇಲ್ಲಿ ನೆಲೆಸಿದ್ದ. ಗ್ಲೌಸು ತೊಟ್ಟು ಕಾದುವುದು, ಮರಣಬಾವಿಯ ಗೋಡೆಯ ಮೇಲೆ ಮೋಟಾರುಸೈಕಲ್ ಓಡಿಸುವುದು, ಇವೇ ಅವನ ಜೀವನೋಪಾಯ. ದಂಡಿನ ಹಳಬರ ನೆನಪಿನಲ್ಲಿ ಅವನಿಗೆ ದೊಡ್ಡ ಸ್ಥಾನವಿದೆ. ಜಗತ್ತಿನ ಮಹಾಮಲ್ಲರ ಪಟ್ಟಿಗಳಲ್ಲಿ ಅವನ ಹೆಸರು ಇಲ್ಲ. ಆ ಪಟ್ಟಿಗಳ ವಿಚಾರ ಬಂದಾಗಲೆಲ್ಲ ನನಗೆ ಅವನ ನೆನಪಾಗುವುದುಂಟು. ಪಟ್ಟಿಯಲ್ಲಿ ಇರುವವರನ್ನು ಎಣಿಸುವಾಗ ಅದರ ಹೊರಗೆ ಉಳಿದವರ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕೆನಿಸುತ್ತದೆ.

ಈಗ ವಿಷಯಕ್ಕೆ ಬರೋಣ. ಬೇರೆ ಬೇರೆ ಕಾಲದ ಮಲ್ಲರನ್ನು ಹೋಲಿಸುವುದು ಸಾಧ್ಯವೆ? ಮೊದಲನೆಯ ತೊಡಕು ತೂಕದ್ದು. ಮಾರ್ಸಿಯಾನೋ ತನ್ನ ಉಚ್ಛ್ರಾಯ ಕಾಲದಲ್ಲಿ ತೂಗುತ್ತಿದ್ದುದು ಸುಮಾರು 85 ಕಿಲೋ. ಇಂದಿನ ನಿಯಮದಂತೆ 200 ಪೌಂಡಿನವರೆಗೆ, ಎಂದರೆ ಸುಮಾರು 91 ಕಿಲೋದವರೆಗೆ, ತೂಗುವವರಿಗೆ ‘ಕ್ರೂಸರ್‌ವೇಟ್’ ಎಂಬ ಪ್ರತ್ಯೇಕ ವರ್ಗವೇ ಇದೆ. ಆದ್ದರಿಂದ ಹವಾಲ್ದಾರ್ ತಾತನ ಮಹಾಮಲ್ಲ ಇಂದು ಹುಟ್ಟಿ ಬಂದಿದ್ದರೆ ಹೆವಿವೇಟ್ ಎನಿಸಿಕೊಳ್ಳುತ್ತಲೇ ಇರಲಿಲ್ಲ! 2024ರ ಮೇ ತಿಂಗಳಲ್ಲಿ ಉಸಿಕ್ ಮತ್ತು ಫ್ಯೂರಿ ಕಾದಿದಾಗ ಸೋತ ಫ್ಯೂರಿಯ ತೂಕ ಸುಮಾರು 119 ಕಿಲೋ. ಗೆದ್ದ ಉಸಿಕ್ ಸುಮಾರು 101 ಕಿಲೋ. ಎರಡನೆಯ ತೊಡಕು ನಿಯಮದ್ದು. 1889ರಲ್ಲಿ ಜಾನ್ ಸಲಿವನ್ ಬರಿಗೈಯಿಂದ 75 ಸುತ್ತು ಕಾದಿ ಗೆದ್ದ. ಮೂರು ವರ್ಷದ ಮೇಲೆ ಗ್ಲೌಸು ತೊಟ್ಟು ಕಾರ್ಬೆಟ್ಟನಿಗೆ ಸೋತ. ಜ್ಯಾಕ್ ಜಾನ್ಸನ್ ತನ್ನ ಪಟ್ಟ ಕಳೆದುಕೊಂಡದ್ದು ಹವಾನಾ ನಗರದಲ್ಲಿ, 26ನೆಯ ಸುತ್ತಿನಲ್ಲಿ. ಅಲಿಯ ಕಾಲಕ್ಕೆ ಪಟ್ಟದ ಕಾಳಗ 15 ಸುತ್ತಿಗೆ ಇಳಿದಿತ್ತು. ಈಗ 12 ಸುತ್ತು ಮಾತ್ರ. ಇಪ್ಪತ್ತಾರು ಸುತ್ತಿಗೆ ಉಸಿರು ಹಿಡಿದಿಡುವವನ ಯುದ್ಧವೇ ಬೇರೆ, ಹನ್ನೆರಡು ಸುತ್ತಿಗೆ ಸಿದ್ಧವಾಗುವವನ ಯುದ್ಧವೇ ಬೇರೆ.

ಹಾಗೆಂದು ಗಾತ್ರವೇ ಸರ್ವಸ್ವವೆಂದೂ ಹೇಳಲಾಗದು. 1919ರಲ್ಲಿ ಸುಮಾರು 85 ಕಿಲೋ ತೂಗುತ್ತಿದ್ದ ಜ್ಯಾಕ್ ಡೆಂಪ್ಸಿ, 111 ಕಿಲೋ ತೂಗುತ್ತಿದ್ದ ಆರೂವರೆ ಅಡಿಯ ವಿಲ್ಲರ್ಡನನ್ನು ಮೊದಲನೆಯ ಸುತ್ತಿನಲ್ಲೇ ಏಳು ಬಾರಿ ನೆಲಕ್ಕೆ ಕೆಡವಿದ. ಹಾಗಿದ್ದರೂ ಸಮಸಮರನ್ನೇ ಕಾದಿಸಬೇಕೆಂಬ ವಿವೇಕ ಹಿಂದಿನವರಿಗೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಹನ್ನೆರಡನೆಯ ಶತಮಾನದ ಗ್ರಂಥ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ಅದರಲ್ಲಿ ವಿಂಗಡಿಸಲಾಗಿದೆ. ಈ ಮಾತನ್ನು ನಾನು ಒಂದು ಸಂಜೆ ಗಾಡಿಯ ಬಳಿ ಸ್ವಲ್ಪ ಪಾಂಡಿತ್ಯ ಪ್ರದರ್ಶನದ ಧಾಟಿಯಲ್ಲೇ ಹೇಳಿದೆ. ಅಪ್ಪ ತಲೆಯೆತ್ತದೆ, “ಅದಕ್ಕೆ ಪುಸ್ತಕ ಯಾಕೋ? ಹತ್ತಿಗೆ ಒಂದು ಕಾವು, ರೇಷ್ಮೆಗೆ ಒಂದು ಕಾವು. ಎಲ್ಲಾನೂ ಒಂದೇ ಕಾವಿನಲ್ಲಿ ತಿಕ್ಕಿದರೆ ಯಾವುದೋ ಒಂದು ಸುಟ್ಟು ಹೋಗುತ್ತೆ” ಎಂದರು. ಸೋಮೇಶ್ವರ ದೊರೆಯ ಪರವಾಗಿ ನಾನು ಆ ಮಾತನ್ನು ಒಪ್ಪಿಕೊಂಡೆ.

ಇಷ್ಟಾದರೂ ಮನುಷ್ಯನ ಕುತೂಹಲ ಸುಮ್ಮನಿರುವುದಿಲ್ಲ. 1967ರಲ್ಲಿ ಅಮೆರಿಕದ ಮರ್ರೆ ವೊರೋನರ್ ಎಂಬ ರೇಡಿಯೋ ವ್ಯಾಪಾರಿ ಹಳೆಯ ಹೊಸ ಜಗಜ್ಜಟ್ಟಿಗಳ ಗುಣದೋಷಗಳನ್ನೆಲ್ಲ ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಉಣಿಸಿದ. ಸತ್ತವರೂ ಬದುಕಿದವರೂ ಯಂತ್ರದೊಳಗೆ ಕಾದಿದರು. ಫಲಿತಾಂಶ ರೇಡಿಯೋದಲ್ಲಿ ಪಂದ್ಯದ ವರದಿಯಂತೆ ಬಿತ್ತರವಾಯಿತು. ಕೊನೆಗೆ ಡೆಂಪ್ಸಿಯನ್ನು ಸೋಲಿಸಿ ಮಾರ್ಸಿಯಾನೋ ಗೆದ್ದ. ಅಲಿ ಮಾತ್ರ ಹಳೆಯ ಜಿಮ್ ಜೆಫ್ರೀಸನ ಕೈಯಲ್ಲಿ ಸೋತನೆಂದು ಯಂತ್ರ ಹೇಳಿತು. ಅಲಿ ಸಿಟ್ಟಿಗೆದ್ದು ನ್ಯಾಯಾಲಯದ ಮೆಟ್ಟಿಲೇರಿದ! ಆಮೇಲೆ ರಾಜಿಯಾಗಿ, 1969ರಲ್ಲಿ ಅಲಿಯನ್ನೂ ಮಾರ್ಸಿಯಾನೋನನ್ನೂ ನಿಜವಾಗಿಯೇ ಒಂದು ಕಣದಲ್ಲಿ ನಿಲ್ಲಿಸಿ, ಹಲವು ಬಗೆಯ ಮುಕ್ತಾಯಗಳನ್ನು ನಟಿಸಿ ಚಿತ್ರೀಕರಿಸಿದರು. ಒಬ್ಬನಿಗೆ ಕಣಕ್ಕಿಳಿಯಲು ಅಪ್ಪಣೆಯಿಲ್ಲದ ಕಾಲ. ಇನ್ನೊಬ್ಬ ಹದಿಮೂರು ವರ್ಷ ಹಿಂದೆಯೇ ನಿವೃತ್ತನಾದವನು, ಬೋಳುತಲೆಗೆ ಕೃತಕ ಕೂದಲು ಧರಿಸಿ ಬಂದಿದ್ದ. ಚಿತ್ರ ತೆರೆ ಕಂಡದ್ದು 1970ರ ಜನವರಿಯಲ್ಲಿ. ಅಷ್ಟರಲ್ಲಿ ಮಾರ್ಸಿಯಾನೋ ವಿಮಾನ ದುರಂತದಲ್ಲಿ ತೀರಿಕೊಂಡಿದ್ದ. ಅಮೆರಿಕದ ಪ್ರೇಕ್ಷಕರು ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದುದನ್ನು ನೋಡಿದರು. ಯುರೋಪಿನಲ್ಲಿ ತೋರಿಸಿದ ಇನ್ನೊಂದು ಪ್ರತಿಯಲ್ಲಿ ಗೆದ್ದವನು ಅಲಿ! ಗಾಳಿ ಗುದ್ದಿ ಮೈ ನೋಯಿಸಿಕೊಂಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಹಾಗಾದರೆ ಹೋಲಿಕೆಯನ್ನೇ ಬಿಟ್ಟುಬಿಡಬೇಕೆ? ಬೇಡವೆಂದು ನನ್ನ ಅಭಿಪ್ರಾಯ. ಕೇಳುವ ಪ್ರಶ್ನೆಯನ್ನು ತಿದ್ದಿಕೊಂಡರೆ ಸಾಕು. ‘ಇವನೂ ಅವನೂ ಕಾದಿದ್ದರೆ ಯಾರು ಗೆಲ್ಲುತ್ತಿದ್ದರು?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ಇವನು ತನ್ನ ಕಾಲದಲ್ಲಿ ಯಾರೊಡನೆ ಕಾದಿದ? ಯಾರೊಡನೆ ಕಾದಲಿಲ್ಲ? ಏಕೆ ಕಾದಲಿಲ್ಲ?’ ಎಂಬ ಪ್ರಶ್ನೆಗಳಿಗೆ ಉತ್ತರವಿದೆ. ಚರಿತ್ರೆಯ ಪುಟಗಳನ್ನು ತಿರುವಿದರೆ ಅದು ಸಿಕ್ಕುತ್ತದೆ. ಅಷ್ಟೇನೂ ಸುಖದ ಉತ್ತರವಲ್ಲ.

ಹೆವಿವೇಟ್ ಪಟ್ಟ ಬಹುಕಾಲ ಬಿಳಿಯರ ಸೊತ್ತಾಗಿತ್ತು. ಕಪ್ಪುಜನರೊಡನೆ ಪಟ್ಟಕ್ಕಾಗಿ ಕಾದುವುದಿಲ್ಲವೆಂದು ಸಲಿವನ್ ಬಹಿರಂಗವಾಗಿಯೇ ಸಾರಿದ್ದ. ಆ ಗೋಡೆಯನ್ನು ಒಡೆದವನು ಜ್ಯಾಕ್ ಜಾನ್ಸನ್. ಅಂದಿನ ಜಗಜ್ಜಟ್ಟಿ ಟಾಮಿ ಬರ್ನ್ಸನ ಬೆನ್ನುಹತ್ತಿ ಅವನು ಆಸ್ಟ್ರೇಲಿಯಾದವರೆಗೂ ಹೋಗಬೇಕಾಯಿತು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಬರ್ನ್ಸ್ ಸೋತ. ಬಿಳಿಯರ ಮಾನ ಉಳಿಸಲೆಂದು, ಐದು ವರ್ಷ ಹಿಂದೆ ಸೋಲನ್ನೇ ಕಾಣದೆ ನಿವೃತ್ತನಾಗಿದ್ದ ಜೆಫ್ರೀಸನನ್ನು ಹೊಲದ ಕೆಲಸದಿಂದ ಎಬ್ಬಿಸಿ ತಂದರು. 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ, 15ನೆಯ ಸುತ್ತಿನಲ್ಲಿ ಅವನೂ ಬಿದ್ದ. ಆ ಸುದ್ದಿ ಹರಡುತ್ತಲೇ ಅಮೆರಿಕದ ಊರೂರುಗಳಲ್ಲಿ ಗಲಭೆಯೆದ್ದು ಜನ ಸತ್ತರು. 1912ರಲ್ಲಿ, ಮುಷ್ಟಿಯುದ್ಧದ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಕೂಡದೆಂದು ಅಲ್ಲಿಯ ಸಂಸತ್ತು ಕಾನೂನನ್ನೇ ಮಾಡಿತು. ಒಬ್ಬ ಮನುಷ್ಯನ ಗೆಲುವನ್ನು ಕಣ್ಣಾರೆ ನೋಡುವುದಕ್ಕೂ ಒಂದು ಸಮಾಜ ಹೆದರಿತೆಂದರೆ ಆ ಗೆಲುವಿನ ತೂಕವನ್ನು ಯಾವ ಕಂಪ್ಯೂಟರ್ ತೂಗೀತು?

ಜಾನ್ಸನನ ಕಥೆಗೆ ಇನ್ನೊಂದು ಮಗ್ಗುಲಿದೆ. ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಕಪ್ಪುಮಲ್ಲ ಆ ಕಾಲದ ಅತ್ಯಂತ ಸಮರ್ಥರಲ್ಲಿ ಒಬ್ಬ. 1906ರಲ್ಲಿ ಜಾನ್ಸನ್ ಅವನನ್ನು ಸೋಲಿಸಿದ್ದ. ಪಟ್ಟವೇರಿದ ಮೇಲೆ ಮಾತ್ರ ಅವನಿಗೆ ಮತ್ತೊಂದು ಅವಕಾಶ ಕೊಡಲಿಲ್ಲ. ಬಿಳಿಯರೊಡನೆ ಕಾದಿದರೆ ಹಣ ಹೆಚ್ಚು, ಅಪಾಯ ಕಡಿಮೆ. ಬಾಗಿಲು ಒಡೆದು ಒಳಹೊಕ್ಕವನು ತನ್ನ ಹಿಂದೆ ಅದನ್ನು ಎಳೆದುಕೊಂಡ. ಲ್ಯಾಂಗ್‌ಫರ್ಡ್ ಜೀವಮಾನದಲ್ಲಿ ಒಮ್ಮೆಯೂ ಜಗಜ್ಜಟ್ಟಿಯ ಪಟ್ಟಕ್ಕಾಗಿ ಕಾದಲಿಲ್ಲ. ಆಮೇಲೆ ಬಂದವನು ಡೆಂಪ್ಸಿ. ವಿಲ್ಲರ್ಡನನ್ನು ಏಳು ಬಾರಿ ಕೆಡವಿದ ಆ ಪರಾಕ್ರಮಿ 1919ರಿಂದ 1926ರವರೆಗೆ ಪಟ್ಟದಲ್ಲಿದ್ದ. ಆ ಅವಧಿಯ ಉದ್ದಕ್ಕೂ ಹ್ಯಾರಿ ವಿಲ್ಸ್ ಎಂಬ ಕಪ್ಪುಮಲ್ಲ ಸವಾಲು ಹಾಕುತ್ತಲೇ ಇದ್ದ. ಆ ಪಂದ್ಯ ನಡೆಯಲೇ ಇಲ್ಲ. ಡೆಂಪ್ಸಿ ಹೇಡಿಯಾಗಿದ್ದನೆಂದು ನಾನು ಹೇಳುತ್ತಿಲ್ಲ. ಹಣ ಹಾಕುವವರಿಗೆ ಆ ಪಂದ್ಯ ಬೇಕಿರಲಿಲ್ಲ. ಆದರೂ ಅವನ ಹೆಸರಿನ ಮುಂದೆ ‘ವಿಲ್ಸನೊಡನೆ ಕಾದಲಿಲ್ಲ’ ಎಂಬ ಒಂದು ಅಡಿಟಿಪ್ಪಣಿ ಇದ್ದೇ ಇರಬೇಕು. ಕಣವನ್ನು ಕಿರಿದು ಮಾಡಿ ಅದರಲ್ಲಿ ಗೆದ್ದವನನ್ನು ದೊಡ್ಡವನೆನ್ನುವುದು ಸುಲಭ.

ಈ ಅಳತೆಗೋಲನ್ನು ಹಿಡಿದು ನೋಡಿದಾಗ ನನ್ನ ಕಣ್ಣಿಗೆ ಎಲ್ಲರಿಗಿಂತ ಎತ್ತರವಾಗಿ ಕಾಣುವವನು ಜೋ ಲೂಯಿಸ್. ನಮ್ಮ ಗಾಡಿಯ ಕೂಟದಲ್ಲಿ ಅವನ ಪಕ್ಷ ಹಿಡಿದವನು ನಾನೊಬ್ಬನೇ. ಅಲಬಾಮಾ ಪ್ರಾಂತದಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕುಟುಂಬದಲ್ಲಿ 1914ರಲ್ಲಿ ಹುಟ್ಟಿದವನು. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಕಾಸನ್ನು ಬಾಕ್ಸಿಂಗ್ ಶಾಲೆಗೆ ಕೊಟ್ಟವನು. 1937ರ ಜೂನ್ 22ರಂದು ಪಟ್ಟವೇರಿ 1949ರಲ್ಲಿ ತಾನಾಗಿಯೇ ಇಳಿಯುವವರೆಗೆ 25 ಬಾರಿ ಅದನ್ನು ಉಳಿಸಿಕೊಂಡ. ಹೆವಿವೇಟ್ ಚರಿತ್ರೆಯಲ್ಲಿ ಆ ಸಂಖ್ಯೆಯನ್ನು ಇದುವರೆಗೆ ಯಾರೂ ಮೀರಿಲ್ಲ. ಬಿಳಿಯನಾಗಲಿ ಕಪ್ಪಾಗಲಿ ಯೋಗ್ಯತೆಯಿದ್ದವನಿಗೆ ಅವನ ಬಾಗಿಲು ತೆರೆದಿತ್ತು. 1939ರ ಜನವರಿಯಲ್ಲಿ ಅವನು ಜಾನ್ ಹೆನ್ರಿ ಲೂಯಿಸ್ ಎಂಬ ಕಪ್ಪುಮಲ್ಲನೊಡನೆ ಕಾದಿದ. ಅಮೆರಿಕದ ನೆಲದಲ್ಲಿ ಇಬ್ಬರು ಕಪ್ಪುಜನರು ಈ ಪಟ್ಟಕ್ಕಾಗಿ ಕಾದಿದ್ದು ಅದೇ ಮೊದಲು. ಅವನ ತರುವಾಯ ಆ ಬಾಗಿಲನ್ನು ಮತ್ತೆ ಮುಚ್ಚಲು ಯಾರಿಂದಲೂ ಆಗಲಿಲ್ಲ. ಅಲಿ, ಫ್ರೇಜಿಯರ್, ಫೋರ್‌ಮನ್, ಹೋಮ್ಸ್, ಟೈಸನ್, ಎಲ್ಲರೂ ನಡೆದು ಬಂದದ್ದು ಆ ಬಾಗಿಲಿನಿಂದ.

ಪ್ರತಿಪಕ್ಷದ ವಾದಗಳನ್ನು ನಾನು ಮರೆತಿಲ್ಲ. ಲೂಯಿಸನ ಎದುರಾಳಿಗಳಲ್ಲಿ ಹಲವರು ಸಾಧಾರಣರು. 1941ರ ಸುಮಾರಿಗೆ ತಿಂಗಳಿಗೊಬ್ಬನಂತೆ ಅವನು ಕೆಡವುತ್ತಿದ್ದವರನ್ನು ಪತ್ರಿಕೆಗಳೇ ಹಾಸ್ಯ ಮಾಡುತ್ತಿದ್ದವು. ನಿಜ. ಆದರೆ ಅದೇ ಸಾಲಿನಲ್ಲಿ ಬಿಲ್ಲಿ ಕಾನ್ ಅವನನ್ನು ಹನ್ನೆರಡು ಸುತ್ತು ಕುಣಿಸಿ ಸೋಲಿನ ಅಂಚಿಗೆ ತಂದಿದ್ದ. ಹದಿಮೂರನೆಯ ಸುತ್ತಿನಲ್ಲಿ ಲೂಯಿಸ್ ಗೆದ್ದ. ಎರಡನೆಯದಾಗಿ, ಅವನು ಸೋತಿದ್ದಾನೆ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ. ಸಾಧನೆ ಬಿಟ್ಟು ಗಾಲ್ಫ್ ಆಡುತ್ತ ಕಾಲ ಕಳೆದುದರ ಫಲ ಅದು. ಎರಡು ವರ್ಷದ ಮೇಲೆ, 1938ರ ಜೂನ್ 22ರಂದು, ಅದೇ ಶ್ಮೆಲಿಂಗನನ್ನು 124 ಸೆಕೆಂಡಿನಲ್ಲಿ ಮುಗಿಸಿದ. ಸೋಲದೆ ಇರುವುದು ದೊಡ್ಡದು. ಸೋತ ಕಾರಣವನ್ನು ಅರಿತು ತಿದ್ದಿಕೊಂಡು ಅದೇ ಎದುರಾಳಿಯ ಮುಂದೆ ಹೋಗಿ ನಿಲ್ಲುವುದು ಅದಕ್ಕಿಂತ ಚಿಕ್ಕದೆಂದು ನನಗೆ ತೋರುವುದಿಲ್ಲ.

ಅಲಿಯ ವಿಚಾರ ಹೇಳದಿದ್ದರೆ ಹೂವಿನ ಅಂಗಡಿಯವರು ನನ್ನನ್ನು ಕ್ಷಮಿಸುವುದಿಲ್ಲ. ಯುದ್ಧಕ್ಕೆ ಹೋಗುವುದಿಲ್ಲವೆಂದು 1967ರಲ್ಲಿ ಪಟ್ಟ ಕಳೆದುಕೊಂಡು, ಇಪ್ಪತ್ತೈದರಿಂದ ಇಪ್ಪತ್ತೆಂಟರವರೆಗಿನ ಹೊನ್ನಿನಂಥ ವಯಸ್ಸನ್ನು ಕಣದ ಹೊರಗೆ ಕಳೆದು, 1974ರಲ್ಲಿ ಕಿನ್ಶಾಸಾ ನಗರದಲ್ಲಿ ಫೋರ್‌ಮನ್ನನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಪಟ್ಟವನ್ನು ಮರಳಿ ಪಡೆದವನು ಅಲಿ. ಅವನಂತೆ ಬೆಲೆ ತೆತ್ತವರು ವಿರಳ. ಆದರೂ ನನಗೊಂದು ಕೊರತೆ ಕಾಣುತ್ತದೆ. ಕಷ್ಟಕಾಲದಲ್ಲಿ ತನ್ನ ಪರವಾಗಿ ಮಾತಾಡಿದ ಫ್ರೇಜಿಯರನನ್ನು ಅಲಿ ಎಲ್ಲರೆದುರು ಗೊರಿಲ್ಲವೆಂದು ಹಂಗಿಸಿದ. ಕೂಲಿನಾಲಿಯ ಮನೆಯಿಂದ ಬಂದ ಫ್ರೇಜಿಯರ್ ಆ ನೋವನ್ನು ಬಹುಕಾಲ ಮರೆಯಲಿಲ್ಲ. ಲೂಯಿಸ್ ಹೆಚ್ಚು ಮಾತಾಡಿದವನಲ್ಲ. ತನ್ನನ್ನು ಸೋಲಿಸಿದ ಶ್ಮೆಲಿಂಗ್ ಕೂಡ ಮುಂದೆ ಅವನ ಸ್ನೇಹಿತನಾದ. ಇದು ತರ್ಕವಲ್ಲ, ನನ್ನ ಒಲವು ಎಂದು ವಾಚಕರು ಹೇಳಿದರೆ ಒಪ್ಪುತ್ತೇನೆ.

ಇಷ್ಟೆಲ್ಲ ನಾನು ಏಕೆ ಬರೆದೆನೆಂಬುದಕ್ಕೆ ಈಗ ಕಾರಣ ಹೇಳಬೇಕು. ಕೆಲವು ತಿಂಗಳ ಹಿಂದೆ ಅಂಗಿಗಳನ್ನು ತೆಗೆದುಕೊಂಡು ಹೋಗಲು ಹಿರಿಯರೊಬ್ಬರು ಗಾಡಿಗೆ ಬಂದರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು; ಅವರ ತಂದೆಯೂ ತಾತನೂ ಪದವೀಧರರಂತೆ. ಅಪ್ಪ ಬಹಳ ಸಂತೋಷದಿಂದ, “ನಮ್ಮ ಹುಡುಗ ಬಿ.ಎ. ಕೊನೆ ವರ್ಷ ಸ್ವಾಮಿ” ಎಂದರು. ಹಿರಿಯರು ನಕ್ಕು, “ಈಗಿನ ಬಿ.ಎ. ಏನು ಬಿ.ಎ. ಬಿಡಪ್ಪ! ನಮ್ಮ ಕಾಲದ ಎಸ್.ಎಸ್.ಎಲ್.ಸಿ.ಗೂ ಸಾಟಿಯಿಲ್ಲ” ಎಂದರು. ಅವರಿಗೆ ನೋಯಿಸುವ ಉದ್ದೇಶ ಇರಲಿಲ್ಲ. ಗಾಳಿ ಮಳೆಯ ಮಾತಾಡಿದಷ್ಟು ಸಹಜವಾಗಿ ಹೇಳಿ ದುಡ್ಡು ಕೊಟ್ಟು ಹೋದರು. ಅಪ್ಪನ ಕೈ ಒಂದು ಕ್ಷಣ ನಿಂತಿತು. ಪೆಟ್ಟಿಗೆಯನ್ನು ಅಂಗಿಯ ಮೇಲಿಂದ ಎತ್ತಿ ಕಲ್ಲಿನ ಮೇಲಿಟ್ಟು, ಮತ್ತೆ ಎತ್ತಿಕೊಂಡರು. ನಾನು ಏನೂ ಹೇಳಲಿಲ್ಲ. ಹೇಳಲು ಆಗ ನನ್ನಲ್ಲಿ ಮಾತಿರಲಿಲ್ಲ.

ಈಗ ಇದೆ. ಆ ಹಿರಿಯರ ಮಾತನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಅವರ ಇಂಗ್ಲಿಷು ನನ್ನದಕ್ಕಿಂತ ಶುದ್ಧವಾಗಿದೆ. ಅವರು ಬಾಯಿಪಾಠ ಹೇಳುವ ಪದ್ಯಗಳಲ್ಲಿ ಕಾಲುಭಾಗವೂ ನನಗೆ ಬಾರದು. ಆದರೆ ಅವರ ಕಾಲದ ಕಣ ಎಷ್ಟು ಅಗಲವಾಗಿತ್ತು? ಅವರ ತಾತ ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದಾಗ ನಮ್ಮ ತಾತ ಹೊಸಕೋಟೆಯ ಕಡೆಯ ಹಳ್ಳಿಯೊಂದರಲ್ಲಿ ಕೆರೆಯ ಕಲ್ಲಿನ ಮೇಲೆ ಊರವರ ಬಟ್ಟೆ ಒಗೆಯುತ್ತಿದ್ದರು. ನಮ್ಮಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟರು. ಬುದ್ಧಿ ಸಾಲದೆ ಅಲ್ಲ, ಮನೆಯಲ್ಲಿ ದುಡಿಯುವ ಕೈ ಸಾಲದೆ. ಅವರು ಆ ಪರೀಕ್ಷೆಗೆ ಕುಳಿತಿದ್ದರೆ ಹಿರಿಯರು ಪಡೆದ ಸ್ಥಾನ ಯಾರಿಗೆ ಬರುತ್ತಿತ್ತು ಎಂದು ಯಾರಿಗೆ ಗೊತ್ತು? ಅಂದಿನ ಪದವೀಧರರು ಡೆಂಪ್ಸಿಯಂತೆ ನಿಜವಾದ ಮಲ್ಲರೇ. ಹ್ಯಾರಿ ವಿಲ್ಸನೊಡನೆ ಅವರು ಕಾದಲಿಲ್ಲ, ಅಷ್ಟೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಆ ನುಣುಪಿನಲ್ಲಿ ಹೊರಗೆ ನಿಂತವರ ಮುಖಗಳು ಕಾಣುವುದಿಲ್ಲ.

ನಮ್ಮ ತರಗತಿಯನ್ನೇ ನೋಡಿ. ಕೃಷ್ಣರಾಜಪುರದ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುವವರಿದ್ದಾರೆ. ಶಿವಾಜಿನಗರದ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮೂಟೆ ಇಳಿಸಿ ಬರುವವರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಒಲಿಂಪಿಕ್ ಬಾಕ್ಸಿಂಗ್ ಕಣ ಹೆಣ್ಣುಮಕ್ಕಳಿಗೆ ತೆರೆದದ್ದು 2012ರಲ್ಲಿ. ತೆರೆದ ಆ ವರ್ಷವೇ ನಮ್ಮ ಮೇರಿ ಕೋಮ್ ಕಂಚಿನ ಪದಕ ತಂದರು. ಅದಕ್ಕೆ ಮುಂಚಿನ ಪದಕಗಳನ್ನೆಲ್ಲ ಲೆಕ್ಕ ಹಾಕಿ ‘ಹಿಂದಿನವರೇ ಮೇಲು’ ಎನ್ನುವವರು ಅರ್ಧ ಮನುಷ್ಯಕುಲವನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಆದರೆ ಸಹಪಾಠಿ ಮಿತ್ರರಿಗೆ ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲವಾದರೆ ನಾನು ಒಂದು ಕಡೆಯ ವಕೀಲನಾಗಿಬಿಡುತ್ತೇನೆ. ಬಾಗಿಲು ತೆರೆದಿದೆಯೆಂಬುದು ಗೆಲುವಲ್ಲ. 1936ರ ಲೂಯಿಸನಂತೆ ಗಾಲ್ಫ್ ಆಡುತ್ತ ಕುಳಿತರೆ ಶ್ಮೆಲಿಂಗ್ ನಮ್ಮನ್ನು ಹನ್ನೆರಡನೆಯ ಸುತ್ತಿನವರೆಗೂ ಬಿಡಲಾರ. ನಮ್ಮ ಗಾಲ್ಫ್ ಯಾವುದೆಂದು ನಮಗೆ ಗೊತ್ತು. ಅದು ಅಂಗೈಯಲ್ಲೇ ಹೊಳೆಯುತ್ತಿರುತ್ತದೆ. ಪರೀಕ್ಷೆಗೆ ಎಂಟು ದಿನ ಮುಂಚೆ ನೆರಳಚ್ಚಿನ ಟಿಪ್ಪಣಿಗಾಗಿ ಓಡಾಡುವುದನ್ನು ವಿದ್ಯಾಭ್ಯಾಸವೆಂದು ಕರೆದರೆ ಆ ಹಿರಿಯರ ಮಾತನ್ನು ನಾವೇ ನಿಜಮಾಡಿ ತೋರಿಸಿದಂತಾಗುತ್ತದೆ. ನಮ್ಮ ಅಧ್ಯಾಪಕರಲ್ಲಿಯೂ ನನ್ನದೊಂದು ವಿನಂತಿ. ನಮ್ಮ ಉತ್ತರಪತ್ರಿಕೆಯಲ್ಲಿ ತಪ್ಪು ಕಂಡಾಗ ಅಂಕ ಕಡಿಮೆ ಮಾಡಿ. ಕನಿಕರಕ್ಕಾಗಿ ಒಂದು ಅಂಕವನ್ನೂ ಕೊಡಬೇಡಿ. ಹಿಂದಿನ ವಿದ್ಯಾರ್ಥಿಗಳ ಹೆಸರೆತ್ತಿ ನಮ್ಮನ್ನು ಅಳೆಯುವಾಗ ಮಾತ್ರ, ಅವರ ಜೊತೆ ಕಣಕ್ಕಿಳಿಯಲು ಬಿಡದವರನ್ನೂ ಒಮ್ಮೆ ನೆನೆಯಿರಿ.

ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮುನ್ನ ಗಾಡಿಯ ಬಳಿ ಎಲ್ಲರ ಮುಂದೆ ಓದಿದೆ. ಹವಾಲ್ದಾರ್ ತಾತ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ನಾನು ಗೆದ್ದೆನೆಂದುಕೊಂಡೆ. ಅವರು ಕಣ್ಣು ತೆರೆದು, “ಎಲ್ಲಾ ಸರಿ ಮಗಾ. 1951ರಲ್ಲಿ ನಿನ್ನ ಲೂಯಿಸನನ್ನು ಎಂಟನೇ ರೌಂಡಿನಲ್ಲಿ ಹೊಡೆದು ಕೆಡವಿದ್ದು ಯಾರು, ನಮ್ಮ ಮಾರ್ಸಿಯಾನೋ ತಾನೆ?” ಎಂದರು. ಅದು ನಿಜ. ಲೂಯಿಸನಿಗೆ ಆಗ 37 ವರ್ಷ. ಯುದ್ಧಕಾಲದಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ಸೈನಿಕರ ಮತ್ತು ನಾವಿಕರ ನಿಧಿಗೆ ದಾನ ಮಾಡಿದ್ದವನು, ತೆರಿಗೆಯ ಸಾಲ ತೀರಿಸಲು ಮತ್ತೆ ಗ್ಲೌಸು ತೊಟ್ಟಿದ್ದ. ಆ ರಾತ್ರಿ ಗೆದ್ದ ಮಾರ್ಸಿಯಾನೋ, ತಾನು ಚಿಕ್ಕಂದಿನಿಂದ ಆರಾಧಿಸಿದ ಲೂಯಿಸನ ಕೋಣೆಗೆ ಹೋಗಿ ಅತ್ತನೆಂದು ಓದಿದ್ದೇನೆ. ಅದನ್ನು ಹೇಳಿದೆ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೇ ಹೇಳಿದ್ದು, ನಮ್ಮವನೇ ದೊಡ್ಡವನು ಅಂತ” ಎಂದುಬಿಟ್ಟರು.

ಅಪ್ಪ ನಕ್ಕರು. ಆ ಹಿರಿಯರ ಮನೆಯ ಅಂಗಿಗಳು ಮಡಿಸಿ ಸಿದ್ಧವಾಗಿದ್ದವು. ನಾನು ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಇಂದಿರಾನಗರದ ಕಡೆ ಹೊರಟೆ. ಪರೀಕ್ಷೆಗೆ ಇನ್ನು ಆರು ವಾರವಿದೆ.